ಅರ್ಥವಿಲ್ಲದ ಮನೆ

ನನ್ನ ಬಚ್ಚಲಿನ ಗೋಡೆಯಿಂದ ಕೆಂಪು, ಕಪ್ಪು, ಹಸಿರು ವೈರುಗಳು ಹೊರಗೆ ಚಾಚಿಕೊಂಡು, ಬೇಸಿಗೆ ಕಳೆದು ಮಳೆಗಾಲ ಮುಗಿಯುವವರೆಗೂ ಹಾಗೇ ಇದ್ದವು. ತುದಿಗೆ ಕಪ್ಪು ಟೇಪು ಸುತ್ತಿತ್ತು. ಟೈಲ್ಸು ಹೊಸದು, ಕಮೋಡು ಹೊಸದು, ಹಿಡಿದುಕೊಂಡು ಏಳಲು ಗೋಡೆಗೆ ಸ್ಟೀಲಿನ ಸರಳು ಬೇರೆ. ಲೈಟು ಮಾತ್ರ ಇಲ್ಲ, ಗೀಸರ್ ಇಲ್ಲ. ಗೀಸರು ತನ್ನ ಡಬ್ಬದ ಸಮೇತ ಮಲಗುವ ಕೋಣೆಯಲ್ಲಿ ಕೂತಿತ್ತು, ನಾನು ಅದರ ಮೇಲೆ ಒಗೆದ ಬಟ್ಟೆ ಮಡಚಿ ಇಡುತ್ತಿದ್ದೆ. ಇಷ್ಟೆಲ್ಲ ಮಾಡಿಸಿದ್ದು ನನಗಾಗಿ ಅಲ್ಲ, ನಮ್ಮ ಅಕ್ಕನಿಗಾಗಿ ಎಂದು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ಬಳ್ಳಾರಿಯ ಬಿಸಿಲಿಗೆ ಗೀಸರ್ ಯಾತಕ್ಕೆ ಎಂದು ನೀವು ಕೇಳಬಹುದು. ಬಹಳ ಜನ ಕೇಳಿದರು. ಬೇಸಿಗೆಯ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಟ್ಯಾಂಕಿನ ನೀರೇ ಕೈ ಸುಡುತ್ತದೆ, ನಿಜ. ಆದರೆ ನಮ್ಮ ಅಕ್ಕನ ಮೊಣಕಾಲಿಗೆ ಬಿಸಿಲಿನ ಲೆಕ್ಕ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಕಾದ ನೀರು ಬಿದ್ದರೆ ಮಾತ್ರ ಅವು ಮಡಚುತ್ತವೆ, ಇಲ್ಲವಾದರೆ ಮಧ್ಯಾಹ್ನದವರೆಗೂ ಹಟ ಹಿಡಿದು ಕೂರುತ್ತವೆ. ನಮ್ಮ ಮನೆತನದಲ್ಲಿ ಎಲ್ಲರಿಗೂ ಹಟ, ಮೊಣಕಾಲಿಗೂ ಹಟ.

ಕೌಲ್ ಬಜಾರಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜೀನ್ಸ್ ಹೊಲಿಯುವವರಿಗೆ ಬೇಕಾದ ಜಿಪ್ಪು, ಗುಂಡಿ, ದಾರದ ರೀಲು ಮಾರುತ್ತೇನೆ. ನಮ್ಮವರು ಇಟ್ಟ ಅಂಗಡಿ. ಅವರು ಎದೆನೋವು ಅಂತ ಹೋಗಿಬಿಟ್ಟ ಮೇಲೆ ನಾನೇ ಗಲ್ಲೆಯ ಮೇಲೆ ಕೂತೆ. ಮಕ್ಕಳಾಗಲಿಲ್ಲ. ಅಂಗಡಿಯಲ್ಲಿ ದಿನವೆಲ್ಲ ಬಾಯಿಗೆ ಬಿಡುವಿಲ್ಲ. ಒಬ್ಬರ ಹತ್ತಿರ ತೆಲುಗು, ಇನ್ನೊಬ್ಬರ ಹತ್ತಿರ ಉರ್ದು, ಮೂರನೆಯವರ ಹತ್ತಿರ ಕನ್ನಡದಲ್ಲಿ ಜಗಳ. ಆಮೇಲೆ ಶಟರ್ ಎಳೆದು ಹಿಂದಿನ ಓಣಿಯ ಮನೆಗೆ ಬಂದು ಬೀಗ ತೆಗೆದರೆ, ಬೆಳಗ್ಗೆ ಚಹಾ ಕುಡಿದಿಟ್ಟ ಲೋಟ ಇಟ್ಟ ಜಾಗದಲ್ಲೇ ಇರುತ್ತದೆ. ಯಾರೂ ಅದನ್ನು ಸರಿಸಿರುವುದಿಲ್ಲ. ಲೋಟ ಸರಿದಿಲ್ಲ ಅಂತ ಯಾರಾದರೂ ಅಳುತ್ತಾರೆಯೇ? ನಾನು ಅತ್ತಿದ್ದೇನೆ. ಯಾರಿಗೂ ಹೇಳಿಲ್ಲ, ಅಷ್ಟೇ.

ಅಕ್ಕ ಇರುವುದು ಸಿರುಗುಪ್ಪದಲ್ಲಿ, ಮಗ ಸೊಸೆ ಮೊಮ್ಮಕ್ಕಳ ಜೊತೆ. ಮಗ ದೇಶನೂರಿನ ಹತ್ತಿರ ಗದ್ದೆ ಮಾಡುತ್ತಾನೆ. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಹೋದ ಚಳಿಗಾಲದಲ್ಲಿ ಮೊಣಕಾಲು ತೋರಿಸಲು ಬಳ್ಳಾರಿಗೆ ಬಂದವಳು ಕೆಲವು ದಿನ ನನ್ನ ಮನೆಯಲ್ಲಿ ಉಳಿದಳು. ಬಂದವಳೇ ಅಡುಗೆ ಮನೆಯ ಡಬ್ಬಿಗಳನ್ನೆಲ್ಲ ತನ್ನ ಮನಸ್ಸಿಗೆ ಬಂದ ಹಾಗೆ ಜೋಡಿಸಿಟ್ಟಳು. ಸಾಸಿವೆ ಹುಡುಕಿ ಹುಡುಕಿ ನನಗೆ ತಲೆ ಕೆಟ್ಟು ಹೋಯಿತು. "ನಿನಗ ಯಾರು ಹೇಳಿದ್ರು ಇದನ್ನೆಲ್ಲಾ ಮುಟ್ಟಾಕ?" ಎಂದು ಬಾಯಿಗೆ ಬಂದಂತೆ ಬೈದೆ. ಅವಳೂ ಬೈದಳು. ಆಹಾ, ಬೈಯಲು ಮನೆಯಲ್ಲಿ ಇನ್ನೊಬ್ಬರು ಇರುವ ಸುಖವೇ ಬೇರೆ. ಆ ದಿನಗಳಲ್ಲಿ ನಾನು ಅಂಗಡಿಯನ್ನು ಬೇಗ ಮುಚ್ಚಿ ಬರುತ್ತಿದ್ದೆ.

ಹೊರಡುವ ದಿನ ಬೆಳಗ್ಗೆ ಅವಳು ಗೋಡೆ ಹಿಡಿದುಕೊಂಡು, ಏದುಸಿರು ಬಿಡುತ್ತ ಬಚ್ಚಲಿನಿಂದ ಹೊರಗೆ ಬಂದಳು. ಹಳೆಯ ಬಚ್ಚಲು, ಕುಕ್ಕುರುಗಾಲಲ್ಲಿ ಕೂತು ಏಳಬೇಕು.

"ನಿನ್ನ ಬಚ್ಚಲ ಒಂದು ಛಲೋ ಇದ್ದಿದ್ರ ನೋಡು, ನಾ ಇಲ್ಲೇ ಇದ್ದುಬಿಡ್ತಿದ್ದೆ" ಅಂದಳು.

"ಖರೇನ?"

"ಖರೇನ ಅಲ್ದ ಸುಳ್ಳು ಹೇಳ್ತೀನೇನು?"

ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅಂದ ಮಾತು. ಅವಳು ಅಂದು ಮರೆತಳೋ ಏನೋ, ನಾನು ಮರೆಯಲಿಲ್ಲ. ಅವಳ ಬಸ್ಸು ಸಿರುಗುಪ್ಪ ಮುಟ್ಟುವ ಮೊದಲೇ ನಾನು ಮೇಸ್ತ್ರಿಗೆ ಫೋನ್ ಹಚ್ಚಿದ್ದೆ. ಬಚ್ಚಲು ಒಡೆಸುತ್ತೇನೆ, ಅಕ್ಕ ಬಂದು ನನ್ನ ಜೊತೆ ಇರುತ್ತಾಳೆ. ಆ ಒಂದೇ ಆಸೆ ತಲೆಯೊಳಗೆ ಕೂತುಬಿಟ್ಟಿತು.

ಮೇಸ್ತ್ರಿ ಒಡೆದ, ಕಟ್ಟಿದ. ಪೈಪಿನವನು ಬಂದು ತನ್ನ ಕೆಲಸ ಮುಗಿಸಿಹೋದ. ಕರೆಂಟಿನ ಕೆಲಸಕ್ಕೆ ಮೇಸ್ತ್ರಿಯೇ ಕುರುಗೋಡಿನ ಒಬ್ಬನನ್ನು ಕರೆತಂದಿದ್ದ. ಮದುವೆಯಾಗಿ ಮಕ್ಕಳಿದ್ದ ಗಂಡಸು, ದಿನಾ ಬೈಕಿನಲ್ಲಿ ಬಂದು ಹೋಗುತ್ತಿದ್ದ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋದರೆ ಆವತ್ತಿಗೆ ಮುಗಿಯಿತು, ಮತ್ತೆ ಶನಿವಾರವೇ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಗೋಡೆ ಕೊರೆಯುತ್ತಿದ್ದ. ನನ್ನಂಥ ಕೆಲಸಗಾರ ಜಿಲ್ಲೆಯಲ್ಲೇ ಇಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಗೋಡೆಯೊಳಗೆ ಪೈಪು ಹೂತು ವೈರು ಎಳೆದ, ಅದರ ಮೇಲೆ ಮೇಸ್ತ್ರಿ ಟೈಲ್ಸು ಹಚ್ಚಿದ. ಇನ್ನು ಬೋರ್ಡು ಕೂಡಿಸಿ, ಲೈಟು ಮತ್ತು ಗೀಸರ್ ಹಚ್ಚಿದರೆ ಮುಗಿಯಿತು. ಅಷ್ಟರಲ್ಲಿ ಆ ದಿನ ಬಂತು.

ನಾನು ಚಹಾ ಸೋಸುತ್ತಿದ್ದೆ. ಅವನು ಒಂದು ಬಲ್ಬಿಗೆ ಎರಡು ವೈರು ಕಟ್ಟಿಕೊಂಡು, ಅದನ್ನು ಬಚ್ಚಲಿನ ವೈರಿಗೆ ಮುಟ್ಟಿಸಿ ನೋಡುತ್ತ ಮಾತಿಗೆಳೆದ.

"ಮನ್ಯಾಗ ಯಾರ್ಯಾರು ಇರ್ತೀರ್ರಿ ಅಕ್ಕಾರ?"

"ನಾನೊಬ್ಬಾಕಿನ."

"ಮಕ್ಕಳು?"

"ಇಲ್ಲ."

"ಅಯ್ಯೋ, ಇಷ್ಟು ಮನ್ಯಾಗ ಒಬ್ರ?"

ಎಂಥ ಮಾತು! ಇಷ್ಟು ಮನೆ ಅಂದರೆ ಎರಡೂವರೆ ಕೋಣೆ. ಅವನ ಬಲ್ಬು ಹತ್ತಲಿಲ್ಲ. ಅವನು ಅಡುಗೆ ಮನೆಗೆ ಹೋಗಿ ಅಲ್ಲಿನ ಪಾಯಿಂಟಿಗೆ ಮುಟ್ಟಿಸಿದ, ಪಡಸಾಲೆಗೆ ಹೋಗಿ ಅಲ್ಲಿ ಮುಟ್ಟಿಸಿದ, ಮಲಗುವ ಕೋಣೆಗೂ ಹೋಗಿ ಬಂದ. ಎಲ್ಲೂ ಹತ್ತಲಿಲ್ಲ. ಆಮೇಲೆ ನನ್ನ ಮುಂದೆ ಬಂದು ನಿಂತು, ತಲೆ ಅಲ್ಲಾಡಿಸಿ, ಮರುಕದ ದನಿಯಲ್ಲಿ ಹೇಳಿದ:

"ಏನ್ರೀ ಅಕ್ಕಾರ, ನಿಮ್ಮ ಮನಿಗೆ ಅರ್ಥಾನ ಇಲ್ಲಲ್ರೀ."

ಸೋಸುತ್ತಿದ್ದ ಚಹಾ ಕೆಳಗಿಟ್ಟೆ.

"ಏನಂದಿ?"

"ಹೌದ್ರೀ. ಒಂದು ಕೋಲ್ಯಾಗೂ ಇಲ್ಲ. ಎಲ್ಲಾ ಕಡೆ ನೋಡಿ ಬಂದೆ. ಅರ್ಥ ಇಲ್ದ ಮನ್ಯಾಗ ಇಷ್ಟು ವರ್ಷ ಹೆಂಗರ ಇದ್ರಿ ನೀವು?"

ಹೇಳಿ, ನೀವಾದರೆ ಏನು ಮಾಡುತ್ತಿದ್ದಿರಿ? ಗಂಡ ಇಲ್ಲ, ಮಕ್ಕಳಿಲ್ಲ, ಒಬ್ಬಳೇ ಅಂತ ಈಗಷ್ಟೇ ಬಾಯಿಬಿಡಿಸಿಕೊಂಡವನು, ಮನೆಯೆಲ್ಲ ಸುತ್ತಿ ಬಂದು ಹೀಗೆ ಅಂದರೆ? ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

"ನನ್ನ ಮನಿಗೆ ಅರ್ಥ ಐತೋ ಇಲ್ಲೋ, ಅದನ್ನ ಹೇಳಾಕ ನೀ ಯಾರಲೇ? ವೈರ್ ಎಳಿಯಾಕ ಬಂದಿ, ವೈರ್ ಎಳಿ!"

ಅವನು ಕಕ್ಕಾಬಿಕ್ಕಿಯಾದ. "ಇದ್ದದ್ದು ಹೇಳಿದೆ ನೋಡ್ರಿ. ಸಿಟ್ಟು ಯಾಕ? ಇಂಥಾ ಮನಿಗೆ ನಿಮ್ಮ ವಯಸ್ಸಾದ ಅಕ್ಕಾರನ್ನ ಹೆಂಗ ಕರ್ಕೊಂಡು ಬರ್ತೀರಿ? ಅವರ ಜೀವಕ್ಕ ಏನರ ಆದ್ರ?"

ಉರಿಯುವ ಬೆಂಕಿಗೆ ಎಣ್ಣೆ ಸುರಿದಂತಾಯಿತು. ಅಕ್ಕನ ಸುದ್ದಿಗೂ ಬಂದನಲ್ಲ! ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಅಂದದ್ದರಲ್ಲಿ ನೆನಪಿರುವುದನ್ನು ಇಲ್ಲಿ ಬರೆಯುವಂತಿಲ್ಲ. ಅವನು ವೈರಿನ ತುದಿಗಳಿಗೆ ಟೇಪು ಸುತ್ತಿ, ಚೀಲ ಹೆಗಲಿಗೆ ಹಾಕಿಕೊಂಡು, "ಇವರ ಸಹವಾಸ ಬ್ಯಾಡಪ್ಪೋ" ಎನ್ನುತ್ತ ಹೋದ. ಆಮೇಲೆ ಫೋನ್ ಎತ್ತಲಿಲ್ಲ. ನಾನೂ ಒಂದೆರಡು ಸಲ ಮಾಡಿ ಬಿಟ್ಟೆ. ನನಗೇನು ಮಾನ ಇಲ್ಲವೇ?

ಬಳ್ಳಾರಿಯಲ್ಲಿ ಕರೆಂಟಿನವರಿಗೇನು ಬರ ಎಂದು ಬೇರೆಯವರನ್ನು ಕರೆದೆ. ಬಂದವರೆಲ್ಲ ಗೋಡೆಯ ಮುಂದೆ ಕೈಕಟ್ಟಿ ನಿಂತು ಒಂದೇ ಪ್ರಶ್ನೆ ಕೇಳಿದರು: "ಯಾರು ಮಾಡಿದ್ದ್ರೀ ಇದು?" ಒಬ್ಬನು ಕೈ ಹಚ್ಚಿದ ಕೆಲಸವನ್ನು ಇನ್ನೊಬ್ಬನು ಮುಟ್ಟುವುದಿಲ್ಲ, ಅದು ಅವರವರಲ್ಲಿ ಇರುವ ರಿವಾಜು. ಅವನ ವೈರು ಗೋಡೆಯೊಳಗೆ ಎಲ್ಲಿಂದ ಎಲ್ಲಿಗೆ ಹೋಗಿದೆಯೋ ಅವನಿಗೇ ಗೊತ್ತು, ಅವನನ್ನೇ ಕರೆಸಿ ಅಂದರು. ಒಬ್ಬ ಮಾತ್ರ ಮಾಡುತ್ತೇನೆ ಅಂದ, ಆದರೆ ಟೈಲ್ಸು ಪೂರಾ ಒಡೆಯಬೇಕಂತೆ. ಅವನನ್ನೂ ಬೈದು ಕಳಿಸಿದೆ.

ಅಲ್ಲಿಂದ ನನ್ನ ಸ್ನಾನವೆಲ್ಲ ಕತ್ತಲಲ್ಲಿ. ಬಚ್ಚಲಿಗೆ ಕಿಟಕಿ ಅಂತ ಇರುವುದು ಅಂಗೈ ಅಗಲದ್ದು, ಅದರಲ್ಲಿ ಬರುವ ಬೆಳಕಿಗೆ ಸಾಬೂನು ಎಲ್ಲಿದೆ ಎಂದೂ ಕಾಣುವುದಿಲ್ಲ. ಒಳಗೆ ಹಾಲಿನಂಥ ಬಿಳಿ ಟೈಲ್ಸು, ನೋಡುವವರಿಲ್ಲ. ಫೋನಿನ ಟಾರ್ಚ್ ಹಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೊಳೆಗೆ ನೇತುಹಾಕುತ್ತಿದ್ದೆ. ಗ್ಯಾಸಿನ ಮೇಲೆ ನೀರು ಕಾಸಿ ಬಕೆಟ್ಟಿಗೆ ಸುರಿದು ಎತ್ತಿಕೊಂಡು ಹೋಗುತ್ತಿದ್ದೆ. ಒಮ್ಮೆ ಕಾಲು ಜಾರಿತು. ಬೀಳಲಿಲ್ಲ, ಸರಳು ಹಿಡಿದುಕೊಂಡೆ. ಹಿಡಿದುಕೊಂಡು ಹಾಗೇ ನಿಂತೆ. ಬಿದ್ದಿದ್ದರೆ ಯಾರಿಗೆ ಯಾವಾಗ ಗೊತ್ತಾಗುತ್ತಿತ್ತು ಎಂದು ಯೋಚಿಸಿದೆ. ಅಂಗಡಿ ಯಾಕೆ ತೆರೆದಿಲ್ಲ ಎಂದು ಪಕ್ಕದ ಅಂಗಡಿಯವರು ಕೇಳುತ್ತಿದ್ದರು, ಬಹುಶಃ ಮಧ್ಯಾಹ್ನದ ಹೊತ್ತಿಗೆ. ಆ ದಿನ ಬಹಳ ಭಯವಾಯಿತು.

ಪ್ರತಿ ವಾರ ಅಕ್ಕನಿಗೆ ಫೋನ್ ಮಾಡುತ್ತಿದ್ದೆ. "ಬಚ್ಚಲ ಆತೇನವಾ?" ಅನ್ನುತ್ತಿದ್ದಳು. "ಇನ್ನೂ ಇಲ್ಲಕ್ಕ, ಆ ಕರೆಂಟಿನವ ಕೈ ಕೊಟ್ಟ" ಅನ್ನುತ್ತಿದ್ದೆ. "ಇರ್ಲಿ ಬಿಡು, ಗಡಿಬಿಡಿ ಮಾಡಬ್ಯಾಡ. ಸಾವಕಾಶ ಆಗ್ಲಿ" ಅನ್ನುತ್ತಿದ್ದಳು. ಎಂಥ ದೊಡ್ಡ ಮನಸ್ಸು ನಮ್ಮ ಅಕ್ಕನದು ಎಂದು ನಾನು ಕರಗಿಹೋಗುತ್ತಿದ್ದೆ.

ಮಳೆಗಾಲ ಮುಗಿಯುತ್ತ ಬಂದಾಗ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಜೀನ್ಸ್ ಹೊಲಿಯುವವಳು, ನನ್ನ ಹಳೆಯ ಗಿರಾಕಿ. ಬೆರಳು ಉಜ್ಜಿಕೊಳ್ಳುತ್ತ ನಿಂತಿದ್ದಳು.

"ಏನಾತು?" ಅಂದೆ.

"ಮಷಿನ್ ಶಾಕ್ ಹೊಡೀತೈತ್ರೀ ಅಕ್ಕ. ಮುಟ್ಟಿದ್ರ ಜುಮ್ ಅಂತೈತಿ. ತೋರಿಸಿದ್ರ, ನಿಮ್ಮ ಮನಿಗೆ ಅರ್ಥ ಇಲ್ಲ, ಅದಕ್ಕ ಹಿಂಗ ಅಂದ್ರು."

ನಾನು ಕೈಯಲ್ಲಿದ್ದ ಜಿಪ್ಪಿನ ಕಟ್ಟು ಬದಿಗಿಟ್ಟೆ. "ಏನಿಲ್ಲ ಅಂದ್ರು?"

"ಅರ್ಥ ರೀ, ಅರ್ಥಿಂಗ್. ನೆಲದಾಗ ಹುಗೀತಾರಲ್ಲ, ಆ ಹಸರ ವೈರ್. ಅದಿಲ್ದಿದ್ರ ಗೀಸರ್ ಪಾಸರ್ ಮುಟ್ಟಿದವರು ಸತ್ತಾ ಹೋಗ್ತಾರಂತ."

ಅವಳು ದಾರ ತೆಗೆದುಕೊಂಡು ಹೋದ ಮೇಲೆ ನಾನು ಗಲ್ಲೆಯ ಮೇಲೆ ಕೂತು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಯ್ಯೋ ಶಿವನೇ, ಆ ಪಾಪದವನು ನನ್ನ ಬಾಳಿನ ಮಾತಾಡಿರಲಿಲ್ಲ, ಹಸಿರು ವೈರಿನ ಮಾತಾಡಿದ್ದ! ಇದನ್ನು ಯಾರಿಗಾದರೂ ಹೇಳಬೇಕು ಅನಿಸಿತು. ನಮ್ಮವರು ಇದ್ದಿದ್ದರೆ ಊಟಕ್ಕೆ ಕೂತಾಗ ಹೇಳುತ್ತಿದ್ದೆ, ಅವರು ಅನ್ನ ನೆತ್ತಿಗೆ ಹತ್ತುವಷ್ಟು ನಗುತ್ತಿದ್ದರು. ಮನೆಗೆ ಹೋಗಿ ಬೀಗ ತೆಗೆದೆ. ನಗು ಅಷ್ಟರಲ್ಲೇ ನಿಂತುಹೋಯಿತು. ಯಾಕೆಂದರೆ ಅವನು ಹಾಗೆ ಅಂದಿರಲಿಲ್ಲ ಸರಿ, ಆದರೆ ನನಗೆ ಹಾಗೆ ಕೇಳಿಸಿತ್ತಲ್ಲ. ಅವನು ಅರ್ಥ ಅಂದ ಕೂಡಲೇ ನಾನು ವೈರನ್ನು ನೆನೆಯದೆ ನನ್ನನ್ನೇ ಯಾಕೆ ನೆನೆದೆ?

ಅಂಗಡಿಗೆ ರಜೆ ಇದ್ದ ದಿನ ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ಮೇಸ್ತ್ರಿ ಗುರುತು ಹೇಳಿದ್ದ. ಗುಡ್ಡದ ಬುಡದ ಓಣಿ, ಹಸಿರು ಬಾಗಿಲ ಮನೆ. ಅವನ ತಾಯಿ ಹೊರಗೆ ಮಂಚದ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಒಳಗೆ ಮಕ್ಕಳ ಗಲಾಟೆ, ಕುಕ್ಕರಿನ ಸೀಟಿ, ಟಿವಿ, ಇದೆಲ್ಲದರ ಮೇಲೆ ಯಾರೋ ಯಾರನ್ನೋ ಕೂಗುವುದು. ಅವನು ಹೊರಗೆ ಬಂದು ನನ್ನನ್ನು ನೋಡಿ ಮುಖ ಗಂಟು ಹಾಕಿದ.

"ಏನ್ರೀ ಅಕ್ಕಾರ, ಬೈಯೋದು ಇನ್ನೂ ಬಾಕಿ ಐತೇನು?"

"ಸುಮ್ಕಿರಪ್ಪಾ, ನೀ ಅರ್ಥಿಂಗ್ ಅಂತ ಪೂರಾ ಹೇಳಬೇಕಿತ್ತು. ಅರ್ಥ ಅರ್ಥ ಅಂತ ಬಡಕೊಂಡ್ರ ಮಂದಿ ಏನು ತಿಳೀಬೇಕು?"

"ಮತ್ತೇನು ತಿಳಿದ್ರಿ ನೀವು?"

ಹೇಳಿದೆ. ಅವನ ತಾಯಿಗೆ ಮೊದಲು ನಗು ಬಂತು, ಸೊಪ್ಪಿನ ಬುಟ್ಟಿಯೇ ಅಲ್ಲಾಡಿತು. "ಯವ್ವಾ, ನಮ್ಮ ಮನ್ಯಾಗ ನೋಡು, ಮಂದಿ ಹೆಚ್ಚು, ಅರ್ಥ ಕಡಿಮಿ" ಅಂದರು. ಅವನೂ ನಕ್ಕ. ತಾನು ಹೊಸ ಖರ್ಚು ಹೇಳಿದ್ದಕ್ಕೆ ನಾನು ಬೈದೆನೆಂದು ಇಷ್ಟು ದಿನ ತಿಳಿದಿದ್ದನಂತೆ. ಉಣ್ಣದೆ ಹೋಗಬಾರದೆಂದು ಆ ತಾಯಿ ಕೈಹಿಡಿದು ಕೂಡಿಸಿದರು. ನಾನು ಊಟ ಮಾಡುವಾಗ ಒಂದು ಮಗು ಬಂದು, ಗುರುತಿಲ್ಲ ಪರಿಚಯವಿಲ್ಲ, ನನ್ನ ಬೆನ್ನಿಗೆ ಒರಗಿಕೊಂಡು ಟಿವಿ ನೋಡುತ್ತ ನಿಂತಿತು. ಅದು ಸರಿದು ಹೋಗುವವರೆಗೂ ನಾನು ಅಲುಗಾಡಲಿಲ್ಲ.

ಅವನು ಮರುದಿನವೇ ಬಂದ. ಮನೆಯ ಮುಂದಿನ ಮೂಲೆಯಲ್ಲಿ ಆಳದ ಗುಂಡಿ ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತಲೂ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕಿ ತುಂಬಿದ. ಎದುರು ಮನೆಯಾಕೆ ಬಾಗಿಲಲ್ಲಿ ನಿಂತು ನೋಡಿದವಳು ಹಣೆ ಗಂಟಿಕ್ಕಿ, "ಏನವಾ, ಯಾರಿಗೆ ಮಾಟ ಮಾಡಿಸಾಕತ್ತಿ? ಉಪ್ಪು, ಇದ್ದಲಿ ಹುಗಸಾಕತ್ತೀಯಲ್ಲ" ಅಂದಳು. "ನಿನಗ" ಅಂದೆ. ಅವಳು ಬಾಗಿಲು ಹಾಕಿಕೊಂಡಳು. ಅವನು ಗುಂಡಿಗೆ ನೀರು ಸುರಿದು, ಹಸಿರು ವೈರನ್ನು ಪೈಪಿಗೆ ಬಿಗಿದು, ಒಳಗೆ ಬಂದು ಆ ಎರಡು ವೈರಿನ ಬಲ್ಬನ್ನು ಮುಟ್ಟಿಸಿದ. ಬಲ್ಬು ಝಗ್ಗನೆ ಹತ್ತಿತು.

"ಈಗ ನೋಡ್ರಿ ಅಕ್ಕಾರ, ನಿಮ್ಮ ಮನಿಗೆ ಅರ್ಥ ಬಂತು."

ನಾನು ಅವನ ಮುಖ ನೋಡದೆ ಚಹಾ ಇಡಲು ಹೋದೆ.

ಬೋರ್ಡು, ಲೈಟು, ಹಬೆ ನಿಲ್ಲದಂತೆ ಒಂದು ಸಣ್ಣ ಫ್ಯಾನು, ಗೀಸರು, ಎಲ್ಲ ಕೂತವು. ಸ್ವಿಚ್ಚನ್ನು ಬಚ್ಚಲಿನ ಹೊರಗೆ, ಅಕ್ಕನ ಕೈಗೆ ಎಟಕುವ ಎತ್ತರಕ್ಕೆ ಹಾಕಿಸಿದೆ. ಎಲ್ಲ ಮುಗಿದು ಅವನು ಹೋದ ಮೇಲೆ ಲೈಟು ಹಾಕಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಮದುವೆ ಮನೆಯ ಹಾಗೆ ಬೆಳಕು. ಇನ್ನು ಅಕ್ಕ ಬರಬೇಕು, ಅದೊಂದೇ ಬಾಕಿ.

ಫೋನ್ ಮಾಡಲಿಲ್ಲ. ನಾನೇ ಸಿರುಗುಪ್ಪಕ್ಕೆ ಹೋದೆ. ಗದ್ದೆಗಳಲ್ಲಿ ಭತ್ತ ತೆನೆ ಬಿಟ್ಟಿತ್ತು. ಅಕ್ಕ ಕಟ್ಟೆಯ ಮೇಲೆ ಓಣಿಯ ಹೆಂಗಸರ ನಡುವೆ ಕೂತು, ಮೊಮ್ಮಗಳ ತಲೆ ಬಾಚುತ್ತ ಯಾರದೋ ಮನೆಯ ಜಗಳ ತೀರ್ಮಾನ ಮಾಡುತ್ತಿದ್ದಳು.

"ಬಚ್ಚಲ ಆತು. ನಡಿ" ಅಂದೆ.

ಅವಳ ಕೈಯಲ್ಲಿದ್ದ ಬಾಚಣಿಗೆ ನಿಂತಿತು. "ಆತಾ?" ಅಂದಳು. ಆಮೇಲೆ, "ಛಲೋ ಆತು ಬಿಡು" ಅಂದಳು. ಒಳಗೆ ಹೋಗಿ ಬಟ್ಟೆ ತುಂಬಿಕೊಂಡು ಬಂದಳು. ಅದು ಒಂದೇ ಕೈಚೀಲ, ಅದೂ ಅರ್ಧ ಖಾಲಿ. ನೋಡಿದೆ, ಆದರೆ ಉಳಿದದ್ದನ್ನು ಆಮೇಲೆ ತಂದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಬಳ್ಳಾರಿಗೆ ಬಂದ ಮರುದಿನ ಬೆಳಗ್ಗೆ ಅವಳಿಗೆ ಗೀಸರ್ ಹಾಕಿಕೊಟ್ಟೆ. ಒಳಗಿನಿಂದ ನೀರು ಬೀಳುವ ಸದ್ದು, ನಡುನಡುವೆ "ಹಾಯ್ ಶಿವಾ" ಅನ್ನುವ ಅವಳ ದನಿ. ನಾನು ಬಾಗಿಲ ಹೊರಗೆ ಸುಮ್ಮನೆ ಸ್ಟೂಲ್ ಹಾಕಿಕೊಂಡು ಕೂತು ಕೇಳಿಸಿಕೊಂಡೆ. ನನ್ನ ಮನೆಯಲ್ಲಿ ಇನ್ನೊಬ್ಬರು ಸ್ನಾನ ಮಾಡುತ್ತಿದ್ದಾರೆ! ಅವಳು ಕೆಂಪಗಾಗಿ, ಹಬೆಯಾಡುತ್ತ ಹೊರಗೆ ಬಂದು, "ಯಪ್ಪಾ, ಮೊಣಕಾಲು ಹೊಸಾವಾದವು ನೋಡು" ಅಂದಳು. ನಾನು ಅವಳ ಕೂದಲು ಒರೆಸುತ್ತ, "ಮುಂದಿನ ವಾರ ಹೋಗಿ ಉಳಿದ ಸಾಮಾನೂ ತಂದುಬಿಡೂಣು" ಅಂದೆ.

ಅವಳು ನನ್ನ ಕೈ ಹಿಡಿದು ಎದುರಿಗೆ ಕೂಡಿಸಿಕೊಂಡಳು.

"ನಾ ಇರಾಕ ಬಂದಿಲ್ಲವಾ. ನಾಕು ದಿನ ಇದ್ದು ಹೋಗ್ತೀನಿ."

"ಬಚ್ಚಲ ಛಲೋ ಇದ್ರ ಇಲ್ಲೇ ಇರ್ತೀನಂದಿದ್ದಿ!"

"ಅಂದಿದ್ದೆ. ಅಂದಾಗ ಇಷ್ಟು ಮಾಡಿಸ್ತಿ ಅಂತ ನನಗೇನು ಗೊತ್ತು? ಸೊಸಿ ಗದ್ದಿ ಕಡೆ ಹೋದ್ರ ಹುಡುಗರನ್ನ ನೋಡಾಕ ನಾನ ಬೇಕು. ಆ ಕಟ್ಟಿ ಮ್ಯಾಲೆ ಕುಂತು ನಾಕು ಮಾತಾಡದಿದ್ರ ನನಗ ಹೊತ್ತು ಹೋಗಂಗಿಲ್ಲ. ಇಲ್ಲಿ ನೀ ಅಂಗಡಿಗೆ ಹೋದ್ರ ನಾ ಗೋಡಿ ಕೂಡ ಮಾತಾಡಬೇಕು."

"ಮತ್ತ ಫೋನಿನ್ಯಾಗ ಯಾಕ ಹೇಳಲಿಲ್ಲ? ವಾರಾ ವಾರಾ ಕೇಳ್ತಿದ್ದಿಯಲ್ಲ, ಬಚ್ಚಲ ಆತೇನು ಅಂತ!"

ಅವಳು ತಲೆ ತಗ್ಗಿಸಿದಳು. "ಇನ್ನೂ ಆಗಿಲ್ಲ ಅಂತ ನೀ ಅಂದಾಗೊಮ್ಮೆ ನನಗ ಸಮಾಧಾನ ಆಗ್ತಿತ್ತು. ಸದ್ಯ, ಈ ವಾರ ಹೇಳೋದು ತಪ್ಪಿತು ಅಂತ."

ನನಗೆ ಸಿಟ್ಟು ಬರಬೇಕಿತ್ತು. ಕಾದೆ, ಬರಲಿಲ್ಲ. ಟವೆಲ್ಲು ಕೈಯಲ್ಲೇ ಇತ್ತು. ಎಂದೂ ಯಾರಿಗೂ ಹೇಳದ ಮಾತು ತಾನಾಗಿ ಬಾಯಿಗೆ ಬಂತು.

"ಅಕ್ಕಾ, ಬಚ್ಚಲ ನಿನ್ನ ಮೊಣಕಾಲಿಗಂತ ಮಾಡಿಸಿಲ್ಲ. ನನಗ ಒಬ್ಬಾಕಿಗೆ ಇರಾಕ ಆಗವಲ್ದು."

"ನನಗ ಗೊತ್ತೈತಿ."

"ಗೊತ್ತಿದ್ದೂ ಇಲ್ಲ ಅಂತೀಯೇನು? ಮೊದ್ಲ ಹಿಂಗ ಬಾಯಿಬಿಟ್ಟು ಹೇಳಿದ್ರ ಬರ್ತಿದ್ದಿಯೇನು?"

ಅವಳು ಬಹಳ ಹೊತ್ತು ನನ್ನ ಕೆನ್ನೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಅಳುತ್ತಿದ್ದಳು, ಆದರೆ ಸುಳ್ಳು ಹೇಳಲಿಲ್ಲ. "ನೀ ಮೊದ್ಲ ಹೇಳಿದ್ರ, ನಾ ಮೊದ್ಲ ಇಲ್ಲ ಅಂತಿದ್ದೆ. ಅಷ್ಟ ನೋಡವಾ" ಅಂದಳು.

ನೀನೇ ಸಿರುಗುಪ್ಪಕ್ಕೆ ಬಂದುಬಿಡು ಎಂದೂ ಕರೆದಳು. ಎರಡು ಕೋಣೆಯ ಮನೆ, ಅವರೇ ಒತ್ತೊತ್ತಾಗಿ ಮಲಗುತ್ತಾರೆ. ಅದು ಕರೆಯಬೇಕೆಂದು ಕರೆದದ್ದು, ಇಬ್ಬರಿಗೂ ಗೊತ್ತಿತ್ತು. ನಾಲ್ಕು ದಿನ ಅಂದವಳು ನನ್ನ ಮುಖ ನೋಡಿ ಇನ್ನೂ ಕೆಲವು ದಿನ ಹೆಚ್ಚೇ ಉಳಿದಳು. ದಿನಾ ಬಿಸಿನೀರು ಹೊಯ್ದುಕೊಂಡಳು. ಡಬ್ಬಿಗಳನ್ನು ಈ ಸಲ ಮುಟ್ಟಲಿಲ್ಲ. ಮುಟ್ಟಿದ್ದರೆ ಚೆನ್ನಾಗಿತ್ತು.

ಹೋಗುವ ದಿನ ಬಸ್ ಸ್ಟ್ಯಾಂಡಿಗೆ ನಾನೇ ಕರೆದುಕೊಂಡು ಹೋದೆ. ಮೆಟ್ಟಿಲು ಹತ್ತಿಸಿ, ಕಿಟಕಿ ಪಕ್ಕ ಕೂಡಿಸಿ, ಚೀಲ ಕಾಲ ಹತ್ತಿರ ಇಟ್ಟೆ. ಕಂಡಕ್ಟರ್ ಬಂದು, "ಇಬ್ರೂ ಸಿರುಗುಪ್ಪೇನ್ರಿ? ಆಧಾರ ಕಾರ್ಡ್ ತೋರಿಸ್ರಿ" ಅಂದ. ಅಕ್ಕ ತನ್ನ ಕಾರ್ಡು ತೆಗೆದಳು. ನಾನು ಇಳಿದೆ. ಬಸ್ಸು ತಿರುಗಿ ಗೇಟು ದಾಟುವವರೆಗೂ ಕಿಟಕಿಯಿಂದ ಕೈ ಆಡಿಸುತ್ತಿದ್ದಳು.

ಸಂಜೆ ಫೋನ್ ಬಂತು. "ಮುಟ್ಟಿದೆ ನೋಡವಾ" ಅಂದಳು. ಅವಳ ಹಿಂದೆ ಮೊಮ್ಮಕ್ಕಳು ಯಾವುದಕ್ಕೋ ಕಿತ್ತಾಡುತ್ತಿದ್ದರು, ಸೊಸೆ ಗದರುತ್ತಿದ್ದಳು. ಅಕ್ಕ ಅವರನ್ನೂ ಒಂದು ಸಲ ಗದರಿ, ಮತ್ತೆ ಫೋನಿಗೆ ಬಂದು ದನಿ ತಗ್ಗಿಸಿ ಕೇಳಿದಳು:

"ನೀ ಏನ್ ಮಾಡಾಕತ್ತಿ? ಒಬ್ಬಾಕಿನ ಕುಂತೀಯೇನು?"

"ಇಲ್ಲಕ್ಕ, ಅಂಗಡ್ಯಾಗ ಅದೀನಿ. ಗಿರಾಕಿ ಬಾಳ ಅದಾರ. ಇಡ್ತೀನಿ" ಅಂದೆ.

ಆ ದಿನ ನಾನು ಅಂಗಡಿ ತೆರೆದೇ ಇರಲಿಲ್ಲ.